ಸರ್ವೆ ಕಂಬದ ಕೆಳಗಿನ ದೊರೆ

ನಾನು ಏದುಸಿರು ಬಿಡುತ್ತ ಗುಡ್ಡದ ತುದಿ ಮುಟ್ಟುವ ಹೊತ್ತಿಗೆ ಊರಿನವರು ಹಾರೆ, ಗುದ್ದಲಿ ಪಕ್ಕದಲ್ಲಿಟ್ಟುಕೊಂಡು ಕಂಬದ ಸುತ್ತ ಕೂತಿದ್ದರು. ಇನ್ನೂ ಅಗೆಯಲು ಶುರು ಮಾಡಿರಲಿಲ್ಲ. ಮೊದಲ ಏಟು ಯಾರು ಹಾಕಬೇಕೆಂಬುದು ಬಗೆಹರಿದಿರಲಿಲ್ಲವಂತೆ. ಸರ್ಕಾರದ ವಸ್ತುವಿಗೆ ಮೊದಲ ಏಟು ಹಾಕಿದವನು ಜೈಲಿಗೆ ಹೋಗುತ್ತಾನೆ, ಎರಡನೆಯವನು ಬರೀ ಸಾಕ್ಷಿಯಾಗುತ್ತಾನೆ ಎಂಬಷ್ಟು ಕಾನೂನು ಅವರಿಗೆ ತಿಳಿದಿತ್ತು. ಎಲ್ಲರೂ ಎರಡನೆಯವರಾಗಲು ತಯಾರಾಗಿ ಕೂತಿದ್ದರು. ಅದರಿಂದಲೇ ಆ ದಿನ ನನ್ನ ನೌಕರಿ ಉಳಿಯಿತು.

ಅದು ಮದ್ರಾಸ್ ಸರ್ಕಾರದ ಕಾಲ. ರಾಯದುರ್ಗ ಆಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಅಲ್ಲಿ ಹೊಲ ಅಳೆದುಕೊಂಡಿದ್ದ ನನ್ನನ್ನು ಅನಂತಪುರ ಜಿಲ್ಲೆಯ ಮಡಕಶಿರಕ್ಕೆ ಹಂಗಾಮಿ ಕೆಲಸದ ಮೇಲೆ ಕಳಿಸಿದ್ದರು. ಗುಡ್ಡಗಳ ಮೇಲಿನ ಹಳೆಯ ಸರ್ವೆ ಕಂಬಗಳನ್ನು ಹುಡುಕಿ, ಸುತ್ತಲಿನ ಪೊದೆ ಕಡಿಸಿ, ಸುಣ್ಣ ಬಳಿಸಿ ಸಿದ್ಧಮಾಡುವುದು ನನ್ನ ಪಾಲಿನ ಕೆಲಸ. ಮಳೆ ಬಿದ್ದು ಧೂಳು ಅಡಗಿದ ಮೇಲೆ ಒಬ್ಬ ಬಿಳಿಯ ಅಧಿಕಾರಿ ದೊಡ್ಡ ದುರ್ಬೀನು ಹೊರಿಸಿಕೊಂಡು ಬಂದು, ಗುಡ್ಡದಿಂದ ಗುಡ್ಡಕ್ಕೆ ನೋಟ ಹಿಡಿದು ಕೋನ ಅಳೆಯುವವನಿದ್ದ.

ಈ ಕಂಬಗಳಲ್ಲಿ ಕಂಬಕ್ಕೆ ಬೆಲೆಯಿಲ್ಲ, ಅದರ ಕೆಳಗಿನ ಚುಕ್ಕೆಗೆ ಬೆಲೆ. ಬಂಡೆಯ ಮೇಲೆ ಉಳಿಯಿಂದ ಕೊರೆದ ಒಂದು ವೃತ್ತ, ಅದರ ನಡುವೆ ಒಂದು ಚುಕ್ಕೆ. ಅದರ ಮೇಲೆ ಎದೆಮಟ್ಟದ ಗಾರೆಯ ಕಂಬ, ಕಂಬದ ತಲೆಗಲ್ಲಿನ ಮೇಲೆ ಮತ್ತೆ ಅದೇ ವೃತ್ತ, ಅದೇ ಚುಕ್ಕೆ. ಮೇಲಿನದು ಕೆಳಗಿನದರ ನೇರಕ್ಕಿರಬೇಕು. ಕಂಬದ ಸುತ್ತ ಗಾರೆಯಿಲ್ಲದೆ ಪೇರಿಸಿದ ಕಲ್ಲುಗಳ ಒಂದು ಕಟ್ಟೆ. ಚುಕ್ಕೆ ಕೂದಲೆಳೆಯಷ್ಟು ಸರಿದರೂ ಆ ಗುಡ್ಡದಿಂದ ಎಳೆದ ಗೆರೆಗಳೆಲ್ಲ ಸುಳ್ಳಾಗುತ್ತವೆ. ಹಾಗೇನಾದರೂ ಆದರೆ ನೀನು ಗುಡ್ಡದ ಮೇಲೆಯೇ ಇದ್ದುಬಿಡು, ಕ್ಯಾಂಪಿಗೆ ಬರುವ ತೊಂದರೆ ತೆಗೆದುಕೊಳ್ಳಬೇಡ ಎಂದು ಆ ಅಧಿಕಾರಿ ನಯವಾಗಿಯೇ ಹೇಳಿ ಕಳಿಸಿದ್ದ.

"ಗೌಡ್ರೆ, ಇದೇನು ನಡೀತಿರೋದು?" ಎಂದೆ.

ಗೌಡರು ಆ ಊರಿನ ಮುನಸೀಬು. ಕಂದಾಯ ವಸೂಲಿಯಿಂದ ಹಿಡಿದು ಈ ಕಂಬದ ಕಾವಲಿನವರೆಗೆ ಸರ್ಕಾರಕ್ಕೆ ಅವರೇ ಜವಾಬುದಾರರು. ಕಂಬ ಕ್ಷೇಮವಾಗಿದೆ ಎಂದು ವರ್ಷವರ್ಷವೂ ತಾಲ್ಲೂಕು ಕಚೇರಿಗೆ ತಿಳಿಸುವವರೂ ಅವರೇ. ಆ ಹೊತ್ತಿನಲ್ಲಿ ಅವರು ಕಂಬಕ್ಕೆ ಬೆನ್ನು ಮಾಡಿ ರತ್ನಗಿರಿಯ ಕೋಟೆಯನ್ನು ಮನಸಾರೆ ನೋಡುತ್ತ ನಿಂತಿದ್ದರು. ಕಣ್ಣಿಗೆ ಬೀಳದ್ದಕ್ಕೆ ಜವಾಬು ಹೇಳಬೇಕಾಗಿಲ್ಲವಲ್ಲ.

"ಕಂಬದ ಕೆಳಗೆ ಬಿಳಿ ದೊರೆ ಗೋರಿ ಐತೆ ಸ್ವಾಮಿ," ಎಂದರು ತಿರುಗದೆ. "ಮಳೆ ಹಿಡ್ಕೊಂಡವ್ನೆ. ತೆಗೀಬೇಕು ಅಂತವ್ರೆ."

ಆ ಸೀಮೆಯ ನಂಬಿಕೆಯೊಂದನ್ನು ಇಲ್ಲಿ ಹೇಳಬೇಕು. ತೊನ್ನು ಇದ್ದವರನ್ನು ಮಣ್ಣಿನಲ್ಲಿ ಹೂತರೆ ಮಳೆ ನಿಲ್ಲುತ್ತದೆ ಎನ್ನುತ್ತಾರೆ. ಮುಂಗಾರು ತಡವಾಯಿತೋ, ಅಂಥ ಗೋರಿ ಎಲ್ಲಿದೆಯೆಂದು ಹುಡುಕಿ, ಅಗೆದು, ಹೊರಗೆ ತೆಗೆದು ಸುಡುತ್ತಾರೆ. ಸತ್ತವರ ಮನೆಯವರು ಕಾಲು ಹಿಡಿದು ಬೇಡಿಕೊಂಡರೂ ಕೇಳುವುದಿಲ್ಲ. ನನಗೆ ಕೇಳಿದರೇ ಮೈ ಉರಿಯುವ ಪದ್ಧತಿ ಅದು. ಆ ವರ್ಷ ರೋಹಿಣಿ ಹೋಗಿ, ಮೃಗಶಿರೆಯೂ ಹೋಗಿ, ಕಡ್ಲೆಕಾಯಿ ಬೀಜ ಸುಲಿದು ಇಟ್ಟುಕೊಂಡವರು ದಿನಾ ಆಕಾಶ ನೋಡಿ ಬೈಯುತ್ತಿದ್ದರು.

"ದೊರೆಗೆ ತೊನ್ನು ಅಂತ ನಿಮಗೆ ಯಾರು ಹೇಳಿದ್ದು?"

ಗುಂಪಿನ ನಡುವೆ ಕಾಲು ಚಾಚಿ ಕೂತಿದ್ದ ಮುದುಕಿಯೊಬ್ಬಳು ಜವಾಬು ಕೊಟ್ಟಳು. ಅವಳೇ ಈ ದಂಡಿನ ವಕೀಲೆ ಎಂದು ಆಮೇಲೆ ತಿಳಿಯಿತು. "ಯಾರಾದ್ರೂ ಹೇಳ್ಬೇಕಾ ಸಾಮಿ? ನಮ್ಮೋರಿಗೆ ಅಂಗೈಯಗಲ ಬೆಳ್ಳಗಾದ್ರೇನೇ ಮಳೆ ಓಡೋಗುತ್ತೆ ಅಂತಾರೆ. ಇವ್ನು ನೆತ್ತಿಯಿಂದ ಅಂಗಾಲ್ವರೆಗೂ ಬೆಳ್ಳಗಿದ್ದೋನು."

"ಅದು ಕಾಯಿಲೆ ಅಲ್ಲ ಅಜ್ಜಿ. ಅವರ ದೇಶದಲ್ಲಿ ಎಲ್ಲರೂ ಹಾಗೇ ಇರೋದು."

"ಅಲ್ಲಿ ಮಳೆ ಬರುತ್ತಾ?"

"ವರ್ಷವೆಲ್ಲ ಬರುತ್ತಂತೆ."

"ನೋಡ್ದಾ ಮತ್ತೆ," ಎಂದು ಅವಳು ಗುಂಪಿನ ಕಡೆ ತಿರುಗಿದಳು. "ಅವ್ರನ್ನ ಅಲ್ಲಿ ಹೂಣ್ದೆ ಇಲ್ಲಿಗೆ ತಂದು ಹೂತವ್ರೆ. ಅಲ್ಲಿ ಬರ್ದೆ ಏನ್ ಮಾಡುತ್ತೆ."

ಎಲ್ಲರೂ ತಲೆದೂಗಿದರು. ತ್ರಿಕೋನದ ಲೆಕ್ಕ ಕಲಿತ ನಾನು ಗೌಡರ ಕಡೆ ತಿರುಗಿದೆ.

ಗೌಡರು ನನ್ನನ್ನು ಒಂದು ಬಂಡೆಯ ಮರೆಗೆ ಕರೆದೊಯ್ದರು. ಅಲ್ಲಿ ಹೊರಬಂತು ನಿಜ ಸಂಗತಿ. ಅವರ ಅಪ್ಪನ ಕಾಲದಲ್ಲಿ ಕುರಿಯವರು ದೊಡ್ಡಿ ಕಟ್ಟಲು ಈ ಕಟ್ಟೆಯ ಕಲ್ಲುಗಳನ್ನು ಹೊತ್ತೊಯ್ಯುತ್ತಿದ್ದರಂತೆ. ಮೇಲಿನವರು ಬಂದಾಗಲೆಲ್ಲ ಬೈಗುಳ. ಬೇಸತ್ತ ಹಳೆಯ ಗೌಡರು ಒಂದು ದಿನ ಊರ ಕಟ್ಟೆಯ ಮೇಲೆ ಕೂತು, ಆ ಕಂಬದ ಕೆಳಗೆ ಸರ್ವೆ ದೊರೆಯನ್ನೇ ಹೂತಿದ್ದಾರೆ, ಕಲ್ಲು ಮುಟ್ಟಿದರೆ ಎದ್ದು ಬರುತ್ತಾನೆ ಎಂದುಬಿಟ್ಟರು. ಅಂದಿನಿಂದ ಒಂದು ಬೆಣಚುಕಲ್ಲೂ ಕದಲಲಿಲ್ಲ. ಗುಡ್ಡಕ್ಕೆ ಗೋರಿಗುಡ್ಡ ಎಂಬ ಹೆಸರೂ ಬಂತು.

"ಹಾಗಾದರೆ ಅದನ್ನೇ ಹೇಳಿಬಿಡಿ ಇವರಿಗೆ."

"ನಮ್ಮಪ್ಪ ಸುಳ್ಳುಗಾರ ಅಂತ ಊರ ಮುಂದೆ ನಾನು ಹೇಳ್ಲಾ ಸ್ವಾಮಿ?" ಎಂದರು ಗೌಡರು. "ಅವರ ತಿಥಿ ಬೇರೆ ಬರೋ ವಾರ ಐತೆ."

ನನಗೆ ರೇಗಿತು. ರೇಗಿದಾಗ ನಾನು ಉದ್ದ ಮಾತಾಡುತ್ತೇನೆ, ಅದು ನನ್ನ ಹಳೆಯ ಚಾಳಿ. ಗುಂಪಿನ ಮುಂದೆ ನಿಂತು, ಈ ಕಂಬ ಬಂಡೆಯ ಮೇಲಿದೆ, ಬಂಡೆಯಲ್ಲಿ ಹೆಣ ಹೂಳಲಾಗುವುದಿಲ್ಲ, ನಂಬದಿದ್ದರೆ ನಾನೇ ನಿಮ್ಮೆಲ್ಲರ ಎದುರಿಗೆ ಕಂಬ ಬಿಚ್ಚಿ ತೋರಿಸುತ್ತೇನೆ, ಅಲ್ಲಿಯವರೆಗೆ ಯಾರೂ ಕೈ ಹಚ್ಚಕೂಡದು ಎಂದು ಭಾಷಣ ಮಾಡಿದೆ. ಅವರ ಮುಖಗಳು ಅರಳಿದವು. ಮೊದಲ ಏಟನ್ನು ಸರ್ಕಾರವೇ ಹಾಕುತ್ತದೆ ಎಂದ ಮೇಲೆ ಇನ್ನೇನು ಬೇಕು? ಹಾರೆಗಳನ್ನು ಹೆಗಲಿಗೇರಿಸಿಕೊಂಡು ಸಂತೋಷವಾಗಿ ಇಳಿದುಹೋದರು. ಮುದುಕಿ ಮಾತ್ರ ಹಿಂದೆ ಉಳಿದು ನನ್ನನ್ನೊಮ್ಮೆ ದಿಟ್ಟಿಸಿ ಇಳಿದುಹೋದಳು.

ಕಂಬ ಬಿಚ್ಚುವುದಕ್ಕೂ ಒಂದು ಕ್ರಮವಿದೆ. ಮೊದಲು ಕಂಬದಿಂದ ದೂರಕ್ಕೆ, ನಾಲ್ಕು ದಿಕ್ಕಿನಲ್ಲಿ, ಬಂಡೆಯ ಮೇಲೆ ನಾಲ್ಕು ಗುರುತು ಕೊರೆಯಬೇಕು. ಗುರುತುಗಳ ಮೇಲೆ ಕಂಬಕ್ಕಿಂತ ಎತ್ತರದ ಕೋಲು ನಿಲ್ಲಿಸಿ, ಎದುರುಬದುರು ಕೋಲುಗಳ ನಡುವೆ ಬಿಗಿಯಾಗಿ ಎರಡು ದಾರ ಎಳೆದರೆ ಅವು ಒಂದನ್ನೊಂದು ಹಾಯುವ ಜಾಗ ಸರಿಯಾಗಿ ಚುಕ್ಕೆಯ ಮೇಲೆ ಬರಬೇಕು. ಆಮೇಲೆ ಕಂಬ ಇರಲಿ ಹೋಗಲಿ, ದಾರ ಕಟ್ಟಿ ತೂಗುಗುಂಡು ಇಳಿಬಿಟ್ಟರೆ ಚುಕ್ಕೆ ಇದ್ದ ಜಾಗ ಸಿಕ್ಕೇ ಸಿಗುತ್ತದೆ. ಹೇಳಲು ಸುಲಭ. ಆ ಗುಡ್ಡದ ಗಾಳಿಯಲ್ಲಿ ದಾರ ಒಂದು ಕ್ಷಣ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಕಂಬಳಿ ಅಡ್ಡ ಹಿಡಿಸಿ, ಗಾಳಿಗೆ ಶಾಪ ಹಾಕಿ, ಉಳಿಯ ಬಾಯಿ ಹೋಗಿ, ಮತ್ತೆ ಊರಿಗೆ ಇಳಿದು ಹದ ಹಾಕಿಸಿ ತಂದು ಕೊರೆದದ್ದಾಯಿತು.

ಕಂಬಳಿ ಹಿಡಿಯಬೇಕಾದವನು ನನ್ನ ಚೈನ್‌ಮನ್. ಸರಪಳಿ ಎಳೆಯುವುದಕ್ಕೆ ರಾಯದುರ್ಗದಿಂದ ಜೊತೆಗೆ ಬಂದ ನಡುವಯಸ್ಸಿನ ಆಸಾಮಿ. ಕಂಬ ಬಿಚ್ಚುವ ಮಾತು ಎತ್ತಿದಂದಿನಿಂದ ಅವನ ಮುಖದಲ್ಲಿ ಕಳೆಯಿರಲಿಲ್ಲ.

"ಸಾಹೇಬ್ರ, ಗೋರಿ ತಗೀಬ್ಯಾಡ್ರಿ," ಎಂದ. "ದೊರಿ ಎದ್ದು ಕುಂತ್ರ ನಾವು ಏನಂತ ಇಂಗ್ಲಿಷಿನ್ಯಾಗ ಮಾತಾಡ್ಬೇಕ್ರಿ?"

"ಅಲ್ಲಿ ಯಾವ ದೊರೆಯೂ ಇಲ್ಲ ಮಾರಾಯ."

"ಇಲ್ಲಂದ್ಮ್ಯಾಲ ಯಾಕ ತಗೀಬೇಕ್ರಿ?"

ಅವನಿಗೆ ಭೂತದ ಭಯ ಎಂದುಕೊಂಡೆ. ನಾಲ್ಕನೆಯ ಗುರುತು ಕೊರೆಯುತ್ತಿದ್ದ ಮಧ್ಯಾಹ್ನ ಮುದುಕಿ ಒಬ್ಬಳೇ ಗುಡ್ಡ ಹತ್ತಿ ಬಂದಳು. ಕೈಯಲ್ಲಿ ಮಜ್ಜಿಗೆಯ ಚೊಂಬು. ಅದನ್ನು ನನ್ನ ಮುಂದಿಟ್ಟು ಕೂತಳು.

"ಕೆಳಗೆ ನೋಡು ಸಾಮಿ. ಹುಣಸೇಮರದ ಪಕ್ಕ ಒಂದು ತುಂಡು ಹೊಲ ಐತಲ್ಲ, ಅದು ನಮ್ದು. ಬದಿನಾಗೆ ದಿಬ್ಬ ಕಾಣುತ್ತಾ?"

ಕಂಡಿತು. ಮೇಲೆ ಒಂದು ಕಲ್ಲು, ಸುತ್ತ ತುಂಬೆ ಗಿಡ.

"ನಮ್ಮ ಯಜಮಾನ್ರು ಅಲ್ಲೇ ಅವ್ರೆ. ಹೋದ ಸುಗ್ಗಿನಾಗೆ ಹೋದ್ರು. ಕೈ ಮೇಲೆ, ತುಟಿ ಹತ್ರ ಬೆಳ್ಳಗಿತ್ತು. ನಲವತ್ತು ವರ್ಷ ಆ ಕೈಯಾಗೇ ನಾನು ಉಂಡಿದ್ದು. ಮಳೆ ತಡ ಆದಾಗ ಇವ್ರೆಲ್ಲ ಹಾರೆ ತಗೊಂಡು ಮೊದ್ಲು ಬಂದಿದ್ದು ಅಲ್ಲಿಗೆ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾನು ಅಂದೆ, ನಿಮ್ಗೆ ಬುದ್ಧಿ ಐತೇನ್ರಲೇ, ನಮ್ಮೋನಿಗೆ ಇದ್ದಿದ್ದು ಎರಡು ಮಚ್ಚೆ, ಮೇಲಿರೋನು ಪೂರಾ ಬೆಳ್ಳಗವ್ನೆ, ದೊಡ್ಡೋನ್ನ ಬಿಟ್ಟು ಬಡವನ ಮೇಲೆ ಬರ್ತೀರಾ ಅಂತ. ಅವ್ರು ಹೌದಲ್ವಾ ಅಂತ ಇಲ್ಲಿಗೆ ಬಂದ್ರು. ಈಗ ನೀನು ಇಲ್ಲೇನಿಲ್ಲ ಅಂತ ತೋರಿಸ್ತೀಯ. ಸಂಜೆಗೆ ನಮ್ಮ ಹೊಲಕ್ಕೆ ಬರ್ತಾರೆ."

ಮಜ್ಜಿಗೆ ಕುಡಿದು ಚೊಂಬು ಕೆಳಗಿಟ್ಟೆ. ಬಿಚ್ಚುವುದಿಲ್ಲ ಎಂದರೆ ಅವರು ಹಾರೆ ಹಾಕಿ ನನ್ನ ಚುಕ್ಕೆಯನ್ನೇ ಎಬ್ಬಿಸುತ್ತಾರೆ. ಬಿಚ್ಚಿ ನಿಜ ತೋರಿಸಿದರೆ ಇವಳ ಗಂಡನನ್ನು ಎಬ್ಬಿಸುತ್ತಾರೆ. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾದೆ. ನಮ್ಮ ಇಲಾಖೆಯಲ್ಲಿ ಕಲಿಸುವುದೇ ಇದ್ದದ್ದನ್ನು ಇದ್ದ ಹಾಗೆ ಬರೆ ಎಂದು. ಇಲ್ಲದ್ದನ್ನು ಹುಡುಕಿ ತೆಗೆಯುವ ವಿದ್ಯೆ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. "ನೋಡೋಣ ಅಜ್ಜಿ," ಎಂದಷ್ಟೇ ಹೇಳಿದೆ. ಅವಳು ಖಾಲಿ ಚೊಂಬು ಎತ್ತಿಕೊಂಡು ಹೋದಳು.

ಬಿಚ್ಚುವ ದಿನ ಊರಿಗೆ ಊರೇ ಗುಡ್ಡದ ಮೇಲಿತ್ತು. ಕೆಲವರು ಬುತ್ತಿ ಕಟ್ಟಿಕೊಂಡು ಬಂದಿದ್ದರು. ನಾಲ್ಕು ಗುರುತಿಗೆ ದಾರ ಕಟ್ಟಿ, ತೂಗುಗುಂಡು ಇಳಿಬಿಟ್ಟು, ಚುಕ್ಕೆಗೆ ತಾಳೆ ನೋಡಿ, ದಾರ ಬಿಚ್ಚಿ ಸುತ್ತಿಟ್ಟೆ. ಅದನ್ನು ಜನ ಬಹಳ ಭಕ್ತಿಯಿಂದ ನೋಡಿದರು. ಇಬ್ಬರು ಹೆಂಗಸರು ಕೈಮುಗಿದರು. ಆಮೇಲೆ ತಲೆಗಲ್ಲು ಇಳಿಸಿ, ಗಾರೆ ಬಿಡಿಸಿ, ಒಂದೊಂದೇ ಕಲ್ಲು ತೆಗೆದು ಸಾಲಾಗಿ ಜೋಡಿಸುತ್ತ ಬಂದೆವು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ತಳ ಕಂಡಿತು.

ಬೋಳು ಬಂಡೆ. ಅದರ ಮೇಲೆ ವೃತ್ತ, ನಡುವೆ ಚುಕ್ಕೆ. ನನಗಂತೂ ಅದು ಲಕ್ಷಣವಾಗಿ ಕಂಡಿತು. ಇಷ್ಟು ವರ್ಷ ಬೆಳಕು ಕಾಣದಿದ್ದರೂ ನಿನ್ನೆ ಕೊರೆದಂತಿತ್ತು.

ಜನ ಬಗ್ಗಿ ಬಗ್ಗಿ ನೋಡಿದರು. ಕೊನೆಗೆ ಹಿಂದಿನಿಂದ ಒಬ್ಬ, "ಇಲ್ಲೇನೂ ಇಲ್ವಲ್ಲ. ಹಂಗಾದ್ರೆ..." ಎಂದು ನಿಲ್ಲಿಸಿದ. ನಾಲ್ಕಾರು ತಲೆಗಳು ಕೆಳಗೆ, ಹುಣಸೇಮರದ ಕಡೆ ತಿರುಗಿದವು. ಮುದುಕಿ ಅಲ್ಲಾಡದೆ ನಿಂತಿದ್ದಳು.

ಅಷ್ಟರಲ್ಲಿ ಇನ್ನೊಬ್ಬ, ದೊರೆಯ ತಲೆ ಪಡುವಣಕ್ಕಿರಬಹುದು, ಆ ಕಡೆಯೂ ನೋಡಿಬಿಡೋಣ ಎಂದು ಸುತ್ತಲಿನ ಕಟ್ಟೆಯಿಂದ ಎರಡು ಕಲ್ಲು ಎಳೆದ. ಒಳಗೆ ಕೈ ಹಾಕಿದವನು ಕಿರುಚಿಕೊಂಡು ಕೈ ಹೊರಗೆಳೆದ. ಕೈಯಲ್ಲಿ ಒಂದು ಹಸಿರು ಗಾಜಿನ ಬಾಟಲಿ. ಮುಕ್ಕಾಲು ತುಂಬಿತ್ತು. ಬಾಯಿಗೆ ಕೆಂಪು ಬಟ್ಟೆಯ ಬಿರಟೆ.

ಆ ಕೆಂಪು ಬಟ್ಟೆ ನನ್ನ ಸರ್ವೆ ಬಾವುಟದ್ದು. ತಿಂಗಳ ಹಿಂದೆ ಒಂದು ಮೂಲೆ ಹರಿದುಹೋಗಿದೆ, ಇಲಿ ಕಚ್ಚಿದೆ ಎಂದು ಚೈನ್‌ಮನ್ ನನಗೆ ವರದಿ ಒಪ್ಪಿಸಿದ್ದ. ಅವನ ಕಡೆ ನೋಡಿದೆ. ಅವನು ಆಕಾಶ ನೋಡುತ್ತಿದ್ದ. ಗೋರಿ ತೆಗೆಯಬೇಡಿ ಎಂದು ಅಷ್ಟು ದಿನ ಗೋಗರೆದದ್ದು ಯಾವ ಭೂತದ ಭಯಕ್ಕೆ ಎಂಬುದು ಆಗ ಹೊಳೆಯಿತು. ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತಾರೆ. ನಮಗೆ ಬಾವುಟ ಕಚ್ಚಿದ ಇಲಿಯೇ ಸಿಕ್ಕಿತ್ತು.

ಇದು ನನ್ನ ಚೈನ್‌ಮನ್ ಬಚ್ಚಿಟ್ಟ ಸಾರಾಯಿ ಎಂದು ಒಂದು ಮಾತು ಹೇಳಿದರೆ ಎಲ್ಲ ಮುಗಿಯುತ್ತಿತ್ತು. ಚುಕ್ಕೆ ಭದ್ರವಾಗಿತ್ತು, ನನ್ನ ವಾದ ಗೆದ್ದಿತ್ತು, ಬೇಕಾದ್ದು ಅದೇ ಆಗಿತ್ತು. ಊರೆಲ್ಲ ಬಾಟಲಿಯನ್ನು ನೋಡುತ್ತಿತ್ತು. ಮುದುಕಿ ಮಾತ್ರ ನನ್ನ ಬಾಯಿಯನ್ನು ನೋಡುತ್ತಿದ್ದಳು.

ನಾನು ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡೆ. ಬಾಟಲಿ ತೆಗೆದುಕೊಂಡು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿ, ಕಚೇರಿಯ ಗಂಟಲಿನಲ್ಲಿ, "ಇದು ದೊರೆಯದೇ," ಎಂದೆ. "ದೇಹ ಮಣ್ಣಾಗಿ ಹೋಗಿದೆ. ಉಳಿದಿರುವುದು ಇದೊಂದೇ."

ಒಬ್ಬ ಬಿರಟೆ ಮೂಸಿದ. "ಇನ್ನೂ ಘಮ್ ಅಂತೈತೆ ಸಾಮಿ. ಇಷ್ಟು ವರ್ಷ ಆದ್ರೂ?"

"ದೊರಿಗಳ ಸರಕು ಕೆಡಂಗಿಲ್ರಿ," ಎಂದ ಚೈನ್‌ಮನ್, ಸಣ್ಣ ದನಿಯಲ್ಲಿ.

"ಎಲುಬಾದ್ರೂ ಇರ್ಬೇಕಿತ್ತಲ್ಲ?"

"ಇಷ್ಟು ಕುಡಿಯೋನ ಎಲುಬು ಉಳಿಯುತ್ತೇನೋ," ಎಂದು ಮುದುಕಿ ಗದರಿದಳು. "ನೀರು ಕಂಡ್ರಾಗದ ಜಾತಿ. ಮಳೆ ಎಲ್ಲಿಂದ ಬಿಟ್ಟಾನು."

ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ ಇರುವಾಗ ಮುಂದಿನದು ಕಷ್ಟವಿರಲಿಲ್ಲ. ಗುಡ್ಡದ ಬುಡದಲ್ಲಿ ಜಾಲಿ ಕಟ್ಟಿಗೆ ಒಟ್ಟಿ, ನಡುವೆ ಬಾಟಲಿ ಮಲಗಿಸಿ, ಗೌಡರೇ ಬೆಂಕಿ ಇಟ್ಟರು. ಕಾವು ಏರಿದ ಮೇಲೆ ಬಾಟಲಿ ಫಟ್ಟೆಂದು ಸಿಡಿದು ಆಳೆತ್ತರದ ನೀಲಿ ಉರಿ ಎದ್ದಿತು. ಜನ ಹೋ ಎಂದು ಹಿಂದೆ ಸರಿದು ನೆಲಕ್ಕೆ ಬಿದ್ದು ನಮಸ್ಕಾರ ಮಾಡಿದರು. ದೊರೆಯ ಆತ್ಮ ಹೋದದ್ದನ್ನು ಕಣ್ಣಾರೆ ಕಂಡೆವೆಂದು ಅವರು ಇವತ್ತಿಗೂ ಹೇಳುತ್ತಾರೆ. ಚೈನ್‌ಮನ್ ಕಣ್ಣಲ್ಲಿ ಧಾರಾಕಾರ ನೀರು. ಬೇರೆ ಊರಿನವನಾದರೂ ಎಂಥ ಕರುಳು ಎಂದು ಮೆಚ್ಚಿ ಅವನಿಗೆ ಮೊದಲ ತೆಂಗಿನ ಹೋಳು ಕೊಟ್ಟರು.

ಮಳೆ ಬರಲಿಲ್ಲ.

ಮಾರನೆಯ ದಿನವೂ ಬರಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ಬೀದಿಯಲ್ಲಿ ಜನ ನನ್ನನ್ನು ನೋಡಿ, ಆಮೇಲೆ ಆಕಾಶ ನೋಡಿ, ಮತ್ತೆ ನನ್ನನ್ನು ನೋಡುವರು. ನಾನೇ ಮಳೆ ತಡೆಹಿಡಿದವನೋ ಎಂಬಂತೆ. ಗುಡ್ಡದ ಮೇಲಿಂದ ನೋಡಿದಾಗಲೆಲ್ಲ ಮುದುಕಿ ಹೊಲದ ದಿಬ್ಬದ ಪಕ್ಕ ಕೂತಿರುತ್ತಿದ್ದಳು, ಕಾವಲಿಗೆ. ನನಗೆ ನಿಜವಾಗಿ ಭಯವಾಗಿತ್ತು. ನಿಖರಕ್ಕೆ ಹೆಸರಾದ ಇಲಾಖೆಯವನು ನಾನು, ಹೇಮಾವತಿ ಊರಿನ ಸಿದ್ಧೇಶ್ವರನಿಗೆ ಹರಕೆ ಹೊತ್ತೆ.

ಕೊನೆಗೊಂದು ಮಧ್ಯಾಹ್ನ ರತ್ನಗಿರಿಯ ಕೋಟೆ ಕಪ್ಪಾಗಿ ಮರೆಯಾಯಿತು. ಆಮೇಲೆ ಬಂದದ್ದು ಮಳೆಯಲ್ಲ, ಯಾರೋ ಕೆರೆ ಎತ್ತಿ ಸುರಿದಂತಿತ್ತು. ಬರುವ ಕಾಲಕ್ಕೆ ಬಂತು ಎಂದು ನಾನು ಹೇಳಿದರೆ ಆ ಊರಿನಲ್ಲಿ ಯಾರೂ ಕೇಳುವುದಿಲ್ಲ.

ಈಗ ಇನ್ನೊಂದು ತರಲೆ ಶುರುವಾಯಿತು. ಗೋರಿ ತೆರೆದದ್ದಕ್ಕೆ ಮಳೆ ಬಂತು, ಮುಚ್ಚಿದರೆ ನಿಲ್ಲುತ್ತದೆ, ಹಾಗೇ ಇರಲಿ ಎಂದು ಊರವರ ತೀರ್ಮಾನ. ಅತ್ತ ದುರ್ಬೀನಿನ ಅಧಿಕಾರಿ ಹೊರಟಿದ್ದಾನೆಂದು ಸುದ್ದಿ. ಪುಣ್ಯಕ್ಕೆ ಹದ ಬಿದ್ದ ಮೇಲೆ ತಡೆಯುವುದಕ್ಕೆ ಒಬ್ಬರಿಗೂ ಪುರಸೊತ್ತಿರಲಿಲ್ಲ. ಕೂರಿಗೆ ಹೂಡಿದವರು ತಲೆ ಎತ್ತಲಿಲ್ಲ. ಪುರಸೊತ್ತಿಲ್ಲದ್ದರಿಂದ ಕೆಲಸಕ್ಕೂ ಯಾರೂ ಸಿಗಲಿಲ್ಲ. ಹೀಗಾಗಿ ಸುಣ್ಣ ಅರೆದವನು ನಾನು, ನೀರು ಹೊತ್ತವನು ಚೈನ್‌ಮನ್. ದಾರ ಕಟ್ಟಿ, ತೂಗುಗುಂಡು ಬಿಟ್ಟು, ಚುಕ್ಕೆಯ ನೇರಕ್ಕೆ ಕಲ್ಲಿನ ಮೇಲೆ ಕಲ್ಲಿಟ್ಟೆವು. ಎರಡು ಸಲ ತಲೆಗಲ್ಲು ಓರೆಯಾಗಿ, ಎರಡು ಸಲ ಇಳಿಸಿದೆವು. ಮೂರನೆಯ ಸಲ ಕೂತಿತು.

ಕಂಬ ಮುಗಿದು, ಸುತ್ತಲಿನ ಕಟ್ಟೆಯ ಪಡುವಣ ಮೂಲೆ ಒಂದು ಉಳಿದಿತ್ತು. ಆಗ ಮುದುಕಿ ಬಂದಳು. ಸೊಂಟಕ್ಕೆ ಸೆರಗು ಬಿಗಿದು, ಕಲ್ಲು ಎತ್ತಿ ಕೊಡತೊಡಗಿದಳು. ಕೊಡುತ್ತ ಕೊಡುತ್ತ ಕೈ ನಿಲ್ಲಿಸಿ, "ಈಗ ಒಳಗೇನೈತೆ ಸಾಮಿ?" ಎಂದಳು.

"ಏನೂ ಇಲ್ಲ ಅಜ್ಜಿ. ಚುಕ್ಕೆ ಅಷ್ಟೆ."

"ಮುಂದಿನ ವರ್ಷ ಮಳೆ ತಡ ಆದ್ರೆ?"

ನಾನು ಕರಣಿ ಕೆಳಗಿಟ್ಟೆ.

"ದೊರೆನ ಸುಟ್ಟಾಯ್ತು," ಎಂದಳು. "ಇನ್ನು ಊರಾಗೆ ಉಳಿದಿರೋನು ನಮ್ಮೋನೊಬ್ನೇ."

ಚೈನ್‌ಮನ್ ಎರಡು ಹೆಜ್ಜೆ ಹಿಂದೆ ಸರಿದು ಸೊಂಟದಲ್ಲಿ ಸಿಕ್ಕಿಸಿದ್ದ ಬಾಟಲಿಯ ಮೇಲೆ ಕೈ ಮುಚ್ಚಿಕೊಂಡ. "ಸಾಹೇಬ್ರ, ಇದು ಒಂದ ಉಳದೈತ್ರಿ," ಎಂದ ದೀನನಾಗಿ.

ಮುದುಕಿ ಅವನ ಕಡೆ ನೋಡಲಿಲ್ಲ. ನನ್ನ ತಲೆಯನ್ನು ನೋಡುತ್ತಿದ್ದಳು. ನನ್ನ ತಲೆಯ ಮೇಲೆ ಬೆಂಡಿನ ದೊರೆಟೋಪಿ ಇತ್ತು. ಬಳ್ಳಾರಿಯ ದಂಡಿನ ಪೇಟೆಯಲ್ಲಿ ಆಸೆಪಟ್ಟು ಕೊಂಡದ್ದು. ಅದನ್ನು ಹಾಕಿಕೊಂಡರೆ ಊರ ಕಾವಲಿನ ತಳಾರಿಗಳು ಕೇಳುವ ಮೊದಲೇ ಎದ್ದು ನಿಲ್ಲುತ್ತಿದ್ದರು. ಅದರ ಮೇಲೆ ನನಗೆ ಎಷ್ಟು ವ್ಯಾಮೋಹವೆಂದರೆ ರಾತ್ರಿ ಮಲಗುವಾಗ ಅದಕ್ಕೆ ಬೇರೆ ಗೂಟ ಹೊಡೆಸಿಕೊಂಡಿದ್ದೆ.

"ಅದನ್ನ ಕೊಡು," ಎಂದಳು ಮುದುಕಿ.

ಕೊಟ್ಟೆ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು, ಕಂಬಕ್ಕೆ ತಾಕದ ಹಾಗೆ ಕಟ್ಟೆಯ ಸಂದಿನಲ್ಲಿಟ್ಟು, ಮೇಲೆ ತಾನೇ ಕಲ್ಲು ಜೋಡಿಸಿದಳು. ಇನ್ನೊಂದು ಸಲ ಅಗೆಯುವವರಿಗೆ ಕಂಬದ ತಂಟೆಗೇ ಹೋಗಬೇಕಾಗಿ ಬರದಂಥ ಜಾಗ. ಸರ್ವೆಯ ದೃಷ್ಟಿಯಿಂದ ನೋಡಿದರೂ ಅದು ಉತ್ತಮ ಆಯ್ಕೆಯಾಗಿತ್ತು.

ಅಧಿಕಾರಿ ಬಂದು ದುರ್ಬೀನು ಕೂರಿಸಿ, ನೋಟ ಹಿಡಿದು, ಗುರುತು ಒಂದಿಷ್ಟೂ ಕದಲಿಲ್ಲ ಎಂದು ನನ್ನ ಬೆನ್ನು ತಟ್ಟಿದ. ತಲೆಗೆ ಟವೆಲು ಸುತ್ತಿಕೊಂಡು ಯಾಕಿದ್ದೀ, ಟೋಪಿ ಎಲ್ಲಿ ಎಂದು ಕೇಳಿದ. ಗಾಳಿಗೆ ಹೋಯಿತು ಎಂದೆ. ಇಂಥ ಅಜಾಗರೂಕ ಮನುಷ್ಯ ಚುಕ್ಕೆಯನ್ನು ಹೇಗೆ ಕಾಪಾಡಿದ ಎಂದು ಅವನಿಗೆ ಆಶ್ಚರ್ಯವಾದಂತೆ ಕಂಡಿತು. ಕೆಲಸ ಮುಗಿದ ಮೇಲೆ ನನ್ನನ್ನು ಮತ್ತೆ ರಾಯದುರ್ಗದ ಕಡೆಗೇ ಕಳಿಸಿದರು.

ಹಲವು ವರ್ಷಗಳಾದ ಮೇಲೆ ಕಣೇಕಲ್ಲು ಕೆರೆಯ ಏರಿಯ ಮೇಲೆ ಅಳತೆ ಹಿಡಿದಿದ್ದಾಗ, ಮಗಳಿಗೆ ಸಂಬಂಧ ನೋಡಲೆಂದು ಆ ಕಡೆ ಬಂದಿದ್ದ ಗೌಡರು ನನ್ನನ್ನು ಕಂಡು ಗಾಡಿ ಇಳಿದರು. ಮುದುಕಿ ತೀರಿಹೋದಳೆಂದು ಹೇಳಿದರು. ಅದರ ಮಾರನೇ ವರ್ಷವೇ ಮಳೆ ಮತ್ತೆ ಕೈಕೊಟ್ಟಿತಂತೆ.

ನಾನು ಅಳತೆ ಬಿಟ್ಟು ಅವರ ಹತ್ತಿರ ಸರಿದೆ. "ಆಮೇಲೆ?"

"ಇನ್ನೊಬ್ಬ ದೊರೆ ಉಳ್ಕೊಂಡವ್ನೆ ಅಂತ ಗುಡ್ಡಕ್ಕೆ ಹೋದ್ವಿ. ಮೊದ್ಲು ನಾಲ್ಕು ಕಡೆ ದಾರ ಕಟ್ಟಿ, ಗುಂಡು ಬಿಟ್ಟು, ಕೈಮುಗಿದ್ವಿ. ದಾರ ಕಟ್ದೆ ಅವ್ನು ಬರಲ್ವಲ್ಲ. ಕಂಬ ಮುಟ್ಲಿಲ್ಲ ಸ್ವಾಮಿ, ಕಟ್ಟೆನಾಗೇ ಸಿಕ್ತು ಟೋಪಿ. ಸುಟ್ವಿ. ಮಳೆ ಏನೋ ನಿಧಾನಕ್ಕೆ ಬಂತು."

"ಅಜ್ಜಿಯ ಹೊಲ?"

"ಇಬ್ರೂ ಅಲ್ಲೇ ಅವ್ರೆ, ಪಕ್ಕಪಕ್ಕ. ಯಾರೂ ಆ ಕಡೆ ತಿರುಗಿ ನೋಡ್ಲಿಲ್ಲ."

ಕಟ್ಟೆಯನ್ನು ಖಾಲಿಯೇ ಮುಚ್ಚಿದಿರಾ ಎಂದು ಕೇಳಿದೆ.

ಗೌಡರು ಆಚೀಚೆ ನೋಡಿ, ಗಾಡಿಯವನಿಗೆ ಕೇಳಿಸದಂತೆ ದನಿ ತಗ್ಗಿಸಿದರು. "ಖಾಲಿ ಹೆಂಗೆ ಮುಚ್ಚೋದು ಸ್ವಾಮಿ. ಸಾಯೋ ಮುಂಚೆ ಆಯಮ್ಮ ನನ್ನ ಕರ್ಸಿ ಎಲ್ಲಾ ಹೇಳಿದ್ಲು. ನನ್ನ ಕೋಟು ಇಟ್ಟಿವ್ನಿ. ಜೋಬಿನಾಗೆ ಒಂದು ಸಿಗರೇಟೂ ಇಟ್ಟೆ. ಬೀಡಿ ಇಟ್ರೆ ಗೊತ್ತಾಗ್ಬಿಡುತ್ತೆ."